ರಕ್ತ ಕೆಟ್ಟಿಲ್ಲ, ಗಾರೆ ಕಳಚಿದೆ

ನನ್ನ ತವರು ಕಡೂರಿನ ಕಡೆ, ಗಂಡನ ಮನೆ ಮೂಡಿಗೆರೆಯ ಕಡೆ. ಎರಡೂ ಒಂದೇ ಚಿಕ್ಕಮಗಳೂರು ಜಿಲ್ಲೆ. ಆದರೆ ಒಂದು ಕಡೆ ಮೋಡ ಕಂಡರೆ ಜನ ಅಂಗಳಕ್ಕೆ ಬಂದು ನೋಡುತ್ತಾರೆ, ಇನ್ನೊಂದು ಕಡೆ ಬಿಸಿಲು ಕಂಡರೆ ಅಂಗಳಕ್ಕೆ ಬರುತ್ತಾರೆ. ಜನವರಿಯಲ್ಲಿ ತವರಿಗೆ ಹೋದರೆ ಅಮ್ಮನ ಹಿಮ್ಮಡಿ ನೀರು ಬತ್ತಿದ ಕೆರೆಯಂಗಳದಂತೆ ಬಿರಿದಿರುತ್ತದೆ. ಜುಲೈಯಲ್ಲಿ ಅತ್ತೆಯ ಮನೆಯಲ್ಲಿ ಗದ್ದೆಗೆ ಇಳಿದು ಬಂದವರ ಕಾಲ್ಬೆರಳ ಸಂದುಗಳು ಬೆಳ್ಳಗೆ ಬೆಂದಂತಾಗಿ ಕೆಸರುಹುಣ್ಣು ಎದ್ದಿರುತ್ತದೆ. ಒಂದು ಒಣಗಿ ಒಡೆದದ್ದು, ಇನ್ನೊಂದು ನೆನೆದು ಕೊಳೆತದ್ದು. ಕಾರಣ ಕೇಳಿದರೆ ಮಾತ್ರ ಎರಡೂ ಮನೆಯಲ್ಲಿ ಸಿಗುವ ಉತ್ತರ ಒಂದೇ: ನಂಜು. ಬದನೆಕಾಯಿ ತಿಂದದ್ದು, ಒಣಮೀನು ತಿಂದದ್ದು, ಒಟ್ಟಿನಲ್ಲಿ ರಕ್ತ ಕೆಟ್ಟದ್ದು.

ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ನನಗೆ ಈ ಉತ್ತರದೊಂದಿಗೆ ಹಳೆಯ ಜಗಳವಿದೆ. ಅಮ್ಮನ ಹಿಮ್ಮಡಿಯಲ್ಲೂ ಗದ್ದೆಯಿಂದ ಬಂದವರ ಕಾಲಿನಲ್ಲೂ ಮೊದಲು ಕೆಟ್ಟದ್ದು ರಕ್ತವಲ್ಲ. ರಕ್ತನಾಳವೇ ಇಲ್ಲದ, ಜೀವವೂ ಇಲ್ಲದ ಒಂದು ಪದರ. ಚರ್ಮದ ಅತ್ಯಂತ ಹೊರಗಿನ ಈ ಪದರಕ್ಕೆ ಸ್ಟ್ರೇಟಮ್ ಕಾರ್ನಿಯಮ್ ಎಂದು ಹೆಸರು. ಕೊಂಬಿನಂಥ ಪದರ ಎಂದು ಅದರ ಅರ್ಥ. ಹಸುವಿನ ಕೊಂಬು, ನಮ್ಮ ಉಗುರು, ಕೂದಲು ಯಾವ ಕೆರಾಟಿನ್‌ನಿಂದ ಆಗಿವೆಯೋ ಇದೂ ಅದರಿಂದಲೇ ಆದದ್ದು. ಅಂಗೈ ಅಂಗಾಲು ಬಿಟ್ಟರೆ ಮೈಯ ಬಹುಭಾಗದಲ್ಲಿ ಇದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದರಿಂದ ಎರಡು ಭಾಗ ಮಾತ್ರ. ನಾವು ಬರೆಯುವ ಹಾಳೆ ಇದಕ್ಕಿಂತ ಐದು ಪಟ್ಟಾದರೂ ದಪ್ಪ. ಅಷ್ಟು ತೆಳುವಿನೊಳಗೆ ಹದಿನೈದು ಇಪ್ಪತ್ತು ಸಾಲು ಕೋಶಗಳು ಒಂದರ ಮೇಲೊಂದು ಕೂತಿವೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ವಿಷ, ಕ್ರಿಮಿ, ಧೂಳು ಒಳಗೆ ಬರದಂತೆ ತಡೆಯುವ ಕೆಲಸದಲ್ಲಿ ಮುಕ್ಕಾಲುಪಾಲು ಈ ಸತ್ತ ಸಾಲುಗಳದ್ದೇ.

ಪಠ್ಯಪುಸ್ತಕಗಳು ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುತ್ತವೆ. ಕೋಶಗಳು ಇಟ್ಟಿಗೆ, ನಡುವಿನ ಜಿಡ್ಡು ಗಾರೆ. 1983ರಲ್ಲಿ ಅಮೆರಿಕದ ಚರ್ಮವಿಜ್ಞಾನಿ ಪೀಟರ್ ಎಲಿಯಾಸ್ ಮುಂದಿಟ್ಟ ಈ ಚಿತ್ರ ಇಂದಿಗೂ ಚಾಲ್ತಿಯಲ್ಲಿದೆ. ನಾನು ಮಕ್ಕಳಿಗೆ ಹೇಳುವಾಗ ಮೊದಲು ಬೇಲೂರಿಗೆ ಕರೆದುಕೊಂಡು ಹೋಗುತ್ತೇನೆ, ಮಾತಿನಲ್ಲೇ. 1117ರಲ್ಲಿ ಕಟ್ಟಿದ ಚೆನ್ನಕೇಶವನ ಗುಡಿಯ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಉಳಿ ಹೇಳಿದಂತೆ ಕೇಳುತ್ತದೆ. ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತದೆ. ಚರ್ಮದ ಕೋಶದ ಕಥೆಯೂ ಹಾಗೆಯೇ. ತಳದಲ್ಲಿ ಹುಟ್ಟುವಾಗ ಅದು ಮೆತ್ತಗಿನ, ತುಂಬಿಕೊಂಡ, ಜೀವಂತ ಕೋಶ. ಮೇಲೇರುತ್ತಾ ಏರುತ್ತಾ ಒಳಗೆ ಕೆರಾಟಿನ್ ತುಂಬಿಸಿಕೊಳ್ಳುತ್ತದೆ, ಚಪ್ಪಟೆಯಾಗುತ್ತದೆ, ತನ್ನ ಕೋಶಕೇಂದ್ರವನ್ನು ತಾನೇ ಕರಗಿಸಿಕೊಳ್ಳುತ್ತದೆ. ಗಾಳಿಗೆ ಮುಖ ಕೊಡುವ ಹೊತ್ತಿಗೆ ಅದು ಒಂದು ಗಟ್ಟಿ ಹಲ್ಲೆ, ಅಂದರೆ ಚಪ್ಪಟೆ ಬಿಲ್ಲೆ.

ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಬರುತ್ತದೆ. ಹೊಯ್ಸಳರ ಶಿಲ್ಪಿಗಳು ಗಾರೆ ಬಳಸಲಿಲ್ಲ, ಒಂದು ಕಲ್ಲಿನ ಮೂತಿ ಇನ್ನೊಂದರ ಕುಳಿಯೊಳಗೆ ಕೂರುವಂತೆ ಕಡೆದು ಜೋಡಿಸಿದರು. ಚರ್ಮದ ಹಲ್ಲೆಗಳ ನಡುವೆಯೂ ಪ್ರೋಟೀನಿನ ಅಂಥ ಬೆಸುಗೆಗಳಿವೆ. ಆದರೆ ಚರ್ಮ ಅಷ್ಟಕ್ಕೇ ನಿಲ್ಲುವುದಿಲ್ಲ, ಗಾರೆಯನ್ನೂ ಸುರಿಯುತ್ತದೆ. ಸಾಯುವ ಮುನ್ನ ಪ್ರತಿ ಕೋಶವೂ ತನ್ನೊಳಗೆ ಕಟ್ಟಿಟ್ಟುಕೊಂಡ ಸಣ್ಣ ಸಣ್ಣ ಪೊಟ್ಟಣಗಳನ್ನು ಹೊರಗೆ ಒಡೆದುಬಿಡುತ್ತದೆ. ಅವುಗಳಲ್ಲಿರುವುದು ಮುಖ್ಯವಾಗಿ ಮೂರು ಬಗೆಯ ಜಿಡ್ಡು: ಸೆರಮೈಡ್, ಕೊಲೆಸ್ಟರಾಲ್, ಕೊಬ್ಬಿನಾಮ್ಲ. ತೂಕದಲ್ಲಿ ಸುಮಾರು ಅರ್ಧದಷ್ಟು ಸೆರಮೈಡೇ. ರಕ್ತಪರೀಕ್ಷೆಯ ಚೀಟಿಯಲ್ಲಿ ಕಂಡರೆ ನಾವು ಬೆಚ್ಚಿಬೀಳುವ ಕೊಲೆಸ್ಟರಾಲ್ ಇಲ್ಲಿ ಮನೆ ಕಾಯುವ ಆಳು. ಈ ಮೂರೂ ಸೇರಿ ಹಲ್ಲೆಗಳ ಸುತ್ತ ಪದರ ಪದರವಾಗಿ ಹರಡಿಕೊಳ್ಳುತ್ತವೆ. ನೀರು ಹೊರಗೆ ಹೋಗಬೇಕಾದರೆ ಈ ಜಿಡ್ಡಿನ ಸಂದಿಗೊಂದಿಗಳಲ್ಲಿ ಸುತ್ತಿ ಬಳಸಿ ಹೋಗಬೇಕು. ಹೋಗುತ್ತದೆ ಕೂಡ: ಬೆವರದೆ ಸುಮ್ಮನೆ ಕೂತ ದಿನವೂ ದೊಡ್ಡವರ ಚರ್ಮದಿಂದ ಮುನ್ನೂರು ನಾನ್ನೂರು ಮಿಲಿಲೀಟರ್ ನೀರು ಗೊತ್ತಾಗದಂತೆ ಆರಿಹೋಗುತ್ತದೆ. ಗೋಡೆ ಗಟ್ಟಿಯಿರುವುದರಿಂದ ಅಷ್ಟಕ್ಕೆ ನಿಂತಿದೆ. ಮೈ ಸುಟ್ಟುಕೊಂಡವರಿಗೆ ಆಸ್ಪತ್ರೆಯಲ್ಲಿ ಬಾಟಲಿಗಟ್ಟಲೆ ನೀರಿನಂಶ ಏರಿಸುವುದಕ್ಕೆ ಒಂದು ಕಾರಣ ಈ ಗೋಡೆ ಇಲ್ಲವಾಗಿರುವುದು.

ಈ ಪದರವನ್ನು ಕಡೆಗಣಿಸಿದವರು ನಾವು ಮಾತ್ರವಲ್ಲ, ವಿಜ್ಞಾನಿಗಳೂ ಬಹಳ ಕಾಲ ಇದನ್ನು ಕಸವೆಂದೇ ತಿಳಿದಿದ್ದರು. ಅವರ ತಪ್ಪಿಗೆ ಕಾರಣ ಸ್ವಾರಸ್ಯವಾಗಿದೆ. ಸೂಕ್ಷ್ಮದರ್ಶಕದಡಿ ಇಡಲು ಚರ್ಮದ ತುಣುಕನ್ನು ಸಿದ್ಧಪಡಿಸುವಾಗ ಆಲ್ಕೋಹಾಲ್ ಮೊದಲಾದ ದ್ರಾವಕಗಳಲ್ಲಿ ಅದ್ದುತ್ತಿದ್ದರು. ನಡುವಿನ ಜಿಡ್ಡೆಲ್ಲ ಅದರಲ್ಲಿ ಕರಗಿಹೋಗಿ, ಉಳಿದ ಹಲ್ಲೆಗಳು ಬುಟ್ಟಿಯ ಹೆಣಿಗೆಯಂತೆ ಸಡಿಲವಾಗಿ ಕಾಣುತ್ತಿದ್ದವು. ಇಷ್ಟು ತೂತಿರುವುದು ಏನನ್ನು ತಡೆದೀತು ಎಂದು ಅವರೂ ಕೈಬಿಟ್ಟರು. ತೂತು ಮಾಡಿದವರು ತಾವೇ ಎಂಬುದು ಹೊಳೆಯಲು ಕಾಲ ಹಿಡಿಯಿತು. ಈಗಲೂ ನನಗೆ ಈ ಕಥೆ ನೆನಪಾಗುವುದು ಪ್ರಯೋಗಾಲಯದಲ್ಲಲ್ಲ, ಬಚ್ಚಲುಮನೆಯಲ್ಲಿ.

ಮಲೆನಾಡಿನ ಬಚ್ಚಲಿನ ಹಂಡೆ ನೀರಿನ ಸುಖ ಗೊತ್ತಿದ್ದವರಿಗೇ ಗೊತ್ತು. ಹೊರಗೆ ಮಂಜು, ಒಳಗೆ ಒಲೆಯಲ್ಲಿ ಕಾಫಿ ಗಿಡದ ಕುಂಟೆ ಉರಿಯುತ್ತಿರುತ್ತದೆ. ಮೈ ಕೆಂಪಾಗುವಷ್ಟು ಬಿಸಿನೀರು ಸುರಿದುಕೊಂಡರೇ ಸ್ನಾನ. ಅದರ ಮೇಲೆ ಎರಡು ಸಲ ಸೋಪು, ಒರಟು ನಾರಿನಲ್ಲಿ ಗಸಗಸ ಉಜ್ಜುವಿಕೆ. ಕೊಳೆ ಹೋಗಬೇಕಲ್ಲ! ಕೊಳೆಯ ಜತೆಗೆ ಗಾರೆಯೂ ಹೋಗುತ್ತದೆ. ಸೋಪಿಗೆ ಕೊಳೆಯ ಜಿಡ್ಡು ಯಾವುದು, ಚರ್ಮದ ಜಿಡ್ಡು ಯಾವುದು ಎಂಬ ವಿವೇಚನೆ ಇಲ್ಲ, ಬಿಸಿನೀರು ಎರಡನ್ನೂ ಸಡಿಲಗೊಳಿಸಿ ಅದಕ್ಕೆ ನೆರವಾಗುತ್ತದೆ. ಸ್ನಾನವಾದ ಹತ್ತು ನಿಮಿಷಕ್ಕೆ ಮೊಣಕಾಲ ಕೆಳಗೆ ಚರ್ಮ ಬಿಗಿದಂತಾಗಿ, ಉಗುರಲ್ಲಿ ಎಳೆದರೆ ಬಿಳಿ ಗೆರೆ ಮೂಡಿದರೆ ಅದು ಶುಚಿಯಾದ ಗುರುತಲ್ಲ. ‘ಸತ್ತ ಚರ್ಮ ತೆಗೆಯುತ್ತೇವೆ’ ಎಂದು ಮಾರುವ ಹರಳುಹರಳಿನ ಲೇಪಗಳ ಮೇಲೆ ನನಗೆ ಇರುವ ಸಿಟ್ಟೂ ಇದೇ ಕಾರಣಕ್ಕೆ. ಸತ್ತದ್ದೆಲ್ಲ ಕಸವಲ್ಲ. ತೆಗೆಯಬೇಕಾದ ಸಾಲನ್ನು ಚರ್ಮ ತಾನೇ ದಿನವೂ ಕಣ್ಣಿಗೆ ಕಾಣದ ಪುಡಿಯಾಗಿ ಉದುರಿಸುತ್ತಿರುತ್ತದೆ.

ಸೋಪಿನ ಇನ್ನೊಂದು ಕಾರುಬಾರು ಹುಳಿಯದ್ದು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಹುಳಿ, ಪಿಎಚ್ ಲೆಕ್ಕದಲ್ಲಿ 4.5ರಿಂದ 5.5ರ ಆಸುಪಾಸು. ಮಾಮೂಲಿ ಸೋಪು ಕ್ಷಾರ, 9ರಿಂದ 10. ಈ ವ್ಯತ್ಯಾಸ ಯಾಕೆ ಮುಖ್ಯವೆಂದರೆ, ಹಲ್ಲೆಗಳ ನಡುವಿನ ಬೆಸುಗೆಯನ್ನು ಕತ್ತರಿಸಿ ಹಳೆಯ ಸಾಲನ್ನು ಉದುರಿಸುವ ಕಿಣ್ವಗಳು ಕ್ಷಾರದಲ್ಲಿ ಚುರುಕಾಗುತ್ತವೆ, ಸೆರಮೈಡ್ ತಯಾರಿಸುವ ಕಿಣ್ವಗಳಿಗೆ ಹುಳಿಯೇ ಬೇಕು. ಅಂದರೆ ಸೋಪಿನ ನೊರೆಯಲ್ಲಿ ಕೆಡವುವವನಿಗೆ ಬಲ ಬಂತು, ಕಟ್ಟುವವನ ಕೈ ಕಟ್ಟಿತು. ಚರ್ಮ ಕೆಲವು ಗಂಟೆಗಳಲ್ಲಿ ಮತ್ತೆ ಹುಳಿಗೆ ಮರಳುತ್ತದೆ, ದಿನಕ್ಕೊಮ್ಮೆ ಸೋಪು ಹಚ್ಚುವವರು ಹೆದರಬೇಕಾಗಿಲ್ಲ. ಪಾಡು ಪಡುವುದು ದಿನಕ್ಕೆ ಹತ್ತಿಪ್ಪತ್ತು ಸಲ ಕೈ ತೊಳೆಯುವವರು: ಪಾತ್ರೆ ತೊಳೆಯುವ ಹೆಂಗಸರು, ಹೋಟೆಲಿನ ಹುಡುಗರು, ಆಸ್ಪತ್ರೆಯ ದಾದಿಯರು.

ಕಾಫಿ ಕುಯ್ಲಿನವರನ್ನೂ ಈ ಸಾಲಿಗೆ ಸೇರಿಸಬೇಕು. ನಮ್ಮ ಪಕ್ಕದ ತೋಟಕ್ಕೆ ಬರುವ ಹೆಂಗಸೊಬ್ಬಳ ಬಲಗೈಯನ್ನು ಕಳೆದ ಡಿಸೆಂಬರ್‌ನಲ್ಲಿ ಹತ್ತಿರದಿಂದ ನೋಡಿದೆ. ಹೆಬ್ಬೆರಳು, ತೋರುಬೆರಳ ತುದಿಗಳಲ್ಲಿ ಗೆರೆಗಳೇ ಸವೆದುಹೋಗಿ ಹೊಳಪು ಬಂದಿತ್ತು. ಆ ಹೊಳಪಿನ ನಡುವೆ ಬ್ಲೇಡಿನಲ್ಲಿ ಗೀರಿದಂತೆ ಎರಡು ಸಣ್ಣ ಸೀಳು. ಪಡಿತರದಂಗಡಿಯ ಬೆರಳಚ್ಚಿನ ಯಂತ್ರ ತನ್ನನ್ನು ಗುರುತಿಸುವುದೇ ಇಲ್ಲ ಎಂದು ನಗುತ್ತಿದ್ದಳು. ಬೆಳಗ್ಗೆ ಇಬ್ಬನಿಯಲ್ಲಿ ನೆನೆದ ಕೊಂಬೆ, ದಿನವಿಡೀ ಹಣ್ಣಿನ ಅಂಟು ರಸ, ರೆಂಬೆಯ ತರಚು. ಸಂಜೆ ಆ ಕರೆ ಬಿಡಿಸಲು ಬಟ್ಟೆ ಸೋಪು. ಅವಳ ಕೈ ಕೆಡಿಸಿದ್ದರಲ್ಲಿ ಹಣ್ಣಿನ ಪಾಲೆಷ್ಟು, ಬಟ್ಟೆ ಸೋಪಿನ ಪಾಲೆಷ್ಟು ಎಂದು ಕೇಳಿದರೆ ನಾನು ಸೋಪಿನ ಕಡೆಗೇ ಬೆರಳು ತೋರಿಸುತ್ತೇನೆ.

ಈಗ ಅಮ್ಮನ ಹಿಮ್ಮಡಿಗೆ ಬರೋಣ. ಇರ್ವಿನ್ ಬ್ಲಾಂಕ್ ಎಂಬ ಅಮೆರಿಕದ ಸಂಶೋಧಕ 1952ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳ, ನಮ್ಮ ಲ್ಯಾಬಿನಲ್ಲೂ ಮಾಡಬಹುದಾದದ್ದು. ಅಂಗಾಲಿನಿಂದ ಕತ್ತರಿಸಿ ತೆಗೆದ ದಡ್ಡುಗಟ್ಟಿದ ಚರ್ಮದ ಚೂರನ್ನು ಒಣಗಿಸಿದರು. ಅದು ಒಣ ಹಪ್ಪಳದಂತೆ ಪೆಡಸಾಯಿತು, ಬಗ್ಗಿಸಿದರೆ ಮುರಿಯುವಂತಾಯಿತು. ಅದನ್ನು ಎಣ್ಣೆಯಲ್ಲಿ ಎಷ್ಟು ಹೊತ್ತು ಮುಳುಗಿಸಿಟ್ಟರೂ ಮೆತ್ತಗಾಗಲಿಲ್ಲ. ನೀರು ತಾಗಿಸಿದರು, ಮೆತ್ತಗಾಯಿತು. ಚರ್ಮವನ್ನು ಮೃದುವಾಗಿಡುವುದು ಎಣ್ಣೆಯಲ್ಲ, ನೀರು. ಆ ಪದರದಲ್ಲಿ ನೀರಿನಂಶ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದರೆ ಅದು ಬಾಗುವುದನ್ನು ಬಿಟ್ಟು ಬಿರಿಯುತ್ತದೆ. ಹಾಗಾದರೆ ಎಣ್ಣೆ ಯಾಕೆ? ಇರುವ ನೀರು ಆರಿಹೋಗದಂತೆ ಮುಚ್ಚಳ ಹಾಕಲು.

ಅಮ್ಮ ಒಣಗಿ ಬಿಳಿಚಿದ ಹಿಮ್ಮಡಿಗೆ ಮಧ್ಯಾಹ್ನದ ಹೊತ್ತು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ಖಾಲಿ ಪಾತ್ರೆಗೆ ಮುಚ್ಚಳ ಹಾಕಿದಂತೆ. ಅಂಗಾಲು ಅಂಗೈಗಳಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ಹಿಮ್ಮಡಿಯ ಪದರ ದಪ್ಪ, ಅದರ ಮೇಲೆ ಇಡೀ ಮೈಯ ಭಾರ. ಚಳಿಗಾಲದ ಒಣಗಾಳಿಯಲ್ಲಿ ನೀರು ಕಳೆದುಕೊಂಡ ಆ ದಪ್ಪ ಪದರ ಹೆಜ್ಜೆಯ ಒತ್ತಡಕ್ಕೆ ಅಗಲವಾಗಲಾರದೆ ಸೀಳುತ್ತದೆ. ಮಾಡಬೇಕಾದದ್ದು ಇಷ್ಟೇ: ರಾತ್ರಿ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು, ಒತ್ತಿ ಒರೆಸಿ, ಪಸೆ ಇರುವಾಗಲೇ ಗಟ್ಟಿ ಜಿಡ್ಡು ಹಚ್ಚಿ, ಹತ್ತಿಯ ಕಾಲುಚೀಲ ಹಾಕಿ ಮಲಗುವುದು. ಯಾವ ಜಿಡ್ಡು ಎಂದರೆ ಪೆಟ್ರೋಲಿಯಂ ಜೆಲ್ಲಿಗೆ ಸಾಟಿ ಇಲ್ಲ. ಮಲೆನಾಡಿನವರಿಗೆ ಮುರುಗಲ ತುಪ್ಪ ಗೊತ್ತು, ಜೇನುಮೇಣ ಕರಗಿಸಿದ ಎಣ್ಣೆಯೂ ಗೊತ್ತು. ಎರಡೂ ಒಳ್ಳೆಯ ಮುಚ್ಚಳಗಳು. ಬೆಲೆ ಹೆಚ್ಚಿದ ಡಬ್ಬಿಯಲ್ಲಿ ಕೆಲಸ ಹೆಚ್ಚಿರುತ್ತದೆಂದು ನಾನು ನಂಬುವುದಿಲ್ಲ. ಮುಖಕ್ಕೆ ಕೊಲಾಜೆನ್ ಎಂಬ ಪ್ರೋಟೀನ್ ಹಚ್ಚುವವರಿಗೂ ಒಂದು ಮಾತು: ಅದು ಈ ಗೋಡೆಯನ್ನು ದಾಟಲಾರದಷ್ಟು ದೊಡ್ಡ ಅಣು. ಹೊರಗೇ ಉಳಿಯುತ್ತದೆ.

ಚರ್ಮ ನೀರನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬಲ್ಲಿ ಇನ್ನೊಂದು ಪಾತ್ರಧಾರಿ ಬರುತ್ತದೆ, ಫಿಲಾಗ್ರಿನ್ ಎಂಬ ಪ್ರೋಟೀನ್. ಹಲ್ಲೆಯೊಳಗೆ ಇದು ಒಡೆದು ಚೂರಾದಾಗ ಸಿಗುವ ಅಮಿನೋ ಆಮ್ಲ ಮತ್ತಿತರ ಪದಾರ್ಥಗಳು, ಮಳೆಗಾಲದ ಉಪ್ಪಿನ ಹಾಗೆ, ನೀರನ್ನು ಎಳೆದು ಇಟ್ಟುಕೊಳ್ಳುತ್ತವೆ. ಕೆಲವರಿಗೆ ಈ ಪ್ರೋಟೀನಿನ ವಂಶವಾಹಿಯೇ ಊನವಾಗಿರುತ್ತದೆ. ಮಕ್ಕಳಲ್ಲಿ ಕಾಣುವ ಇಸುಬು, ಕಾಲಿನ ಮೇಲೆ ಮೀನಿನ ಹುರುಪೆಯಂತೆ ಒಣಗುವ ಚರ್ಮ, ಇವೆರಡಕ್ಕೂ ಈ ಊನಕ್ಕೂ ನಂಟಿದೆ ಎಂದು 2006ರಲ್ಲಿ ಗೊತ್ತಾಯಿತು. ಅಂಥವರ ಅಂಗೈಯಲ್ಲಿ ಗೆರೆಗಳು ಹೆಚ್ಚು, ಆಳವೂ ಹೆಚ್ಚು. ಜಾತ್ರೆಯಲ್ಲಿ ಕೈ ನೋಡಿ ಭವಿಷ್ಯ ಹೇಳುವವನಿಗೆ ಆ ಅಂಗೈ ದೊಡ್ಡ ಪುರಾಣವೇ. ಚರ್ಮದ ವೈದ್ಯರು ಅದೇ ಗೆರೆ ನೋಡಿ, ಮಗುವಿಗೆ ಚಿಕ್ಕಂದಿನಲ್ಲಿ ತುರಿಕೆ ಇತ್ತೇ ಎಂದು ಕೇಳುತ್ತಾರೆ. ಹಸ್ತಸಾಮುದ್ರಿಕ ಇಲ್ಲಿ ಮಾತ್ರ ಒಂಚೂರು ನಿಜ.

ಇಲ್ಲಿಯೇ ನಂಜಿನ ಮಾತಿಗೂ ಒಂದು ತಿರುವು ಸಿಗುತ್ತದೆ. ಕೆಲವು ಮಕ್ಕಳಿಗೆ ಕಡಲೆಕಾಯಿ, ಮೊಟ್ಟೆ ನಿಜಕ್ಕೂ ಒಗ್ಗುವುದಿಲ್ಲ. ಆದರೆ ಆ ಒಗ್ಗದಿರುವಿಕೆ ಶುರುವಾಗುವುದು ಹೊಟ್ಟೆಯಲ್ಲೇ ಎನ್ನುವಂತಿಲ್ಲ. ಗೋಡೆ ಬಿರುಕು ಬಿಟ್ಟ ಚರ್ಮದ ಮೂಲಕ ಆ ಆಹಾರದ ಕಣಗಳು ಒಳಹೊಕ್ಕಾಗ ದೇಹದ ಕಾವಲುಪಡೆ ಅವನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಮುಂದೆ ಬಾಯಿಂದ ಬಂದಾಗ ಜಗಳ ತೆಗೆಯುತ್ತದೆ. ಆಹಾರ ಚರ್ಮವನ್ನು ಕೆಡಿಸಿತು ಎಂದು ನಾವು ಹೇಳುತ್ತೇವೆ. ಎಷ್ಟೋ ಸಲ ಚರ್ಮ ಮೊದಲು ಕೆಟ್ಟು, ಆಹಾರದ ಮೇಲೆ ಜಗಳ ಹುಟ್ಟಿಸಿರುತ್ತದೆ. ಹಾಗಾಗಿ ಇಸುಬಿರುವ ಮಗುವಿನ ಊಟದಿಂದ ಒಂದೊಂದೇ ಪದಾರ್ಥ ಕಿತ್ತುಹಾಕುವುದಕ್ಕೆ ಮುಂಚೆ ಸ್ನಾನದ ಬಿಸಿ ತಗ್ಗಿಸಿ, ಮೈಗೆ ಜಿಡ್ಡು ಹಚ್ಚಿ, ವೈದ್ಯರಿಗೆ ತೋರಿಸಬೇಕು.

ಒಣಗಿದ್ದೇ ತೊಂದರೆಯಾದರೆ ಮೂಡಿಗೆರೆಯ ಕೆಸರಿನಲ್ಲಿ ಚರ್ಮ ನಳನಳಿಸಬೇಕಿತ್ತಲ್ಲ? ಇಲ್ಲ. ಗಂಟೆಗಟ್ಟಲೆ ನೀರಿನಲ್ಲಿದ್ದರೆ ಹಲ್ಲೆಗಳು ಉಬ್ಬಿ, ನಡುವಿನ ಜಿಡ್ಡಿನ ಪದರಗಳು ಅಸ್ತವ್ಯಸ್ತವಾಗುತ್ತವೆ. ನೀರು ಹಿಡಿದಿಡುವ ಆ ಫಿಲಾಗ್ರಿನ್ ಚೂರುಗಳು ನೀರಿನಲ್ಲಿ ಕರಗುವಂಥವು, ಅವೂ ಬಸಿದುಹೋಗುತ್ತವೆ. ಅದಕ್ಕೇ ದಿನವಿಡೀ ನೀರಿನಲ್ಲಿದ್ದ ಕಾಲು ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಬಿರಿಯುತ್ತದೆ. ಬೆರಳ ಸಂದಿನಲ್ಲಿ ಗಾಳಿಯಾಡದೆ ಬೆಳ್ಳಗಾದ ಜಾಗ ಶಿಲೀಂಧ್ರಕ್ಕೆ ಬಾಗಿಲು ತೆರೆದ ಮನೆ. (ನೀರಿನಲ್ಲಿ ಬೆರಳ ತುದಿ ಸುಕ್ಕಾಗುವುದು ಮಾತ್ರ ನೆನೆದು ಉಬ್ಬಿದ್ದರಿಂದಲ್ಲ. ಅದು ನರಗಳ ಅಪ್ಪಣೆ; ನರ ತುಂಡಾದ ಬೆರಳು ಸುಕ್ಕಾಗುವುದಿಲ್ಲ.) ನಮ್ಮಲ್ಲಿ ಆಷಾಢದ ಮಳೆಯಲ್ಲಿ ಮಕ್ಕಳು ಒದ್ದೆ ಬೂಟು, ಒದ್ದೆ ಕಾಲುಚೀಲದಲ್ಲಿ ಸಂಜೆಯವರೆಗೆ ಕೂರುತ್ತಾರೆ. ನನ್ನ ತರಗತಿಯಲ್ಲಿ ಅದನ್ನು ಬಿಚ್ಚಿ ಕಿಟಕಿಯ ಸರಳಿಗೆ ನೇತುಹಾಕಲು ಹೇಳುತ್ತೇನೆ. ವಾಸನೆಯನ್ನು ಸಹಿಸಿಕೊಳ್ಳುತ್ತೇವೆ.

ಗೋಡೆ ಎಲ್ಲ ಕಡೆ ಒಂದೇ ದಪ್ಪವಿಲ್ಲ ಎಂಬುದನ್ನು ಹಾಸನದ ಶುಂಠಿ ಹೊಲಗಳಲ್ಲಿ, ನಮ್ಮ ತೋಟಗಳಲ್ಲಿ ಔಷಧಿ ಹೊಡೆಯುವವರು ತಿಳಿದಿರಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡು, ಬೆನ್ನಿನ ಡಬ್ಬಿಯಿಂದ ಸೋರಿ ಚಡ್ಡಿಯವರೆಗೆ ತೊಯ್ದ ಬಟ್ಟೆಯಲ್ಲೇ ಅರ್ಧ ದಿನ ಕಳೆಯುತ್ತಾರೆ. ಹೊಡೆಯುವವರ ಮೈಗೆ ಕೀಟನಾಶಕ ಸೇರುವ ದೊಡ್ಡ ದಾರಿ ಮೂಗಲ್ಲ, ಚರ್ಮ. 1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬಿಬ್ಬರು ಹೈಡ್ರೋಕಾರ್ಟಿಸೋನ್ ಎಂಬ ಔಷಧಿಯನ್ನು ಮೈಯ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗೆ ಹೋಗುತ್ತದೆಂದು ಅಳೆದರು. ಮುಂಗೈಯಲ್ಲಿ ಒಂದು ಪಾಲು ಒಳಹೋದರೆ ವೃಷಣದ ಚರ್ಮದಲ್ಲಿ ನಲವತ್ತು ಪಾಲಿಗೂ ಹೆಚ್ಚು. ತೊಯ್ದ ಚಡ್ಡಿಯ ಅಪಾಯ ಇದರಿಂದಲೇ ತಿಳಿಯಬೇಕು. ಮುಖದ ಚರ್ಮವೂ ಮುಂಗೈಗಿಂತ ಧಾರಾಳಿ. ಔಷಧಿ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ಸ್ಟಿರಾಯ್ಡ್ ಬೆರೆತ ಟ್ಯೂಬನ್ನು ಬೆಳ್ಳಗಾಗಲು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚುವವರ ಕೆನ್ನೆ ಕೆಂಪೇರಿ, ತೆಳುವಾಗಿ, ಬಿಸಿಲಿಗೆ ಉರಿಯುವುದನ್ನು ನನ್ನ ವಿದ್ಯಾರ್ಥಿನಿಯರಲ್ಲೇ ಕಂಡಿದ್ದೇನೆ. ತುರಿಕೆ ಎರಡು ದಿನದಲ್ಲಿ ನಿಂತಿತೆಂದು ಆ ಟ್ಯೂಬನ್ನು ಮೆಚ್ಚಿಕೊಳ್ಳುತ್ತೇವೆ. ಅದು ತುರಿಕೆಯ ಜತೆಗೆ ಗಾರೆ ತಯಾರಿಕೆಯನ್ನೂ ನಿಲ್ಲಿಸುತ್ತಿರುತ್ತದೆ. ವೈದ್ಯರು ಲೆಕ್ಕ ಹಾಕಿ ಕೊಟ್ಟಾಗ ಅದೇ ಔಷಧಿ ಅಮೃತ ಎಂಬುದೂ ನಿಜ.

ಗೋಡೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಈ ಕಥೆಯ ಒಳ್ಳೆಯ ಭಾಗ. ಜಿಡ್ಡು ತೊಳೆದುಹೋದ ಕೆಲವೇ ನಿಮಿಷಗಳಲ್ಲಿ ಕೆಳಗಿನ ಕೋಶಗಳು ಸಂಗ್ರಹದ ಪೊಟ್ಟಣಗಳನ್ನು ಒಡೆಯತೊಡಗುತ್ತವೆ. ಒಂದು ಬಾರಿಯ ಪೆಟ್ಟಾದರೆ ಮೂರು ನಾಲ್ಕು ದಿನಗಳಲ್ಲಿ ದುರಸ್ತಿ ಮುಗಿಯುತ್ತದೆ. ನೀರು ಹೊರಗೆ ಸೋರುವುದೇ ಅವಕ್ಕೆ ಕರೆಗಂಟೆ. ಹೊರಗಿನಿಂದ ನೆರವು ಕೊಡುವಾಗ ಒಂದು ಕುತೂಹಲದ ಸಂಗತಿ: ಮೂರು ಜಿಡ್ಡುಗಳಲ್ಲಿ ಒಂದನ್ನೇ ಹಚ್ಚಿದರೆ ದುರಸ್ತಿ ನಿಧಾನವಾಗುತ್ತದೆ, ಮೂರನ್ನೂ ಹದವಾಗಿ ಸೇರಿಸಿದರೆ ಸರಾಗ. ಗಾರೆಗೆ ಸುಣ್ಣ, ಮರಳು ಎರಡೂ ಬೇಕಾದ ಹಾಗೆ.

ಆದರೆ ವರ್ಷಗಟ್ಟಲೆ ಬಿರಿದ ಹಿಮ್ಮಡಿಗೆ ನಾಲ್ಕು ದಿನ ಸಾಲದು. ಮೈಯ ಮಿಕ್ಕ ಕಡೆಗಳಲ್ಲೇ ತಳದಲ್ಲಿ ಇಂದು ಹುಟ್ಟಿದ ಕೋಶ ಮೇಲಿನ ಪದರ ತಲುಪಲು ಸುಮಾರು ಎರಡು ವಾರ, ಅಲ್ಲಿಂದ ಉದುರಲು ಇನ್ನೆರಡು ವಾರ. ದಪ್ಪ ಹಿಮ್ಮಡಿಯಲ್ಲಿ ಇನ್ನೂ ಹೆಚ್ಚು. ಬಿರಿದ ಹಳೆಯ ಗೋಡೆ ಪೂರ್ತಿ ಹೋಗಿ ಹೊಸದು ಬರುವವರೆಗೆ ರಾತ್ರಿಯ ನೀರು, ಜಿಡ್ಡು, ಕಾಲುಚೀಲ ತಪ್ಪಬಾರದು. ಸಂಕ್ರಾಂತಿಯ ಮರುದಿನ ಶುರು ಮಾಡಿಸಿದೆ. ನಾಲ್ಕನೇ ದಿನ ಅಮ್ಮ ಫೋನ್ ಮಾಡಿ, ಏನೂ ಆಗಿಲ್ಲ, ಬದನೆಕಾಯಿಯನ್ನೇ ಬಿಡುತ್ತೇನೆ ಎಂದಳು. ಎರಡನ್ನೂ ಮಾಡು ಎಂದು ರಾಜಿಯಾದೆ. ಶಿವರಾತ್ರಿಗೆ ಹೋದಾಗ ಹಿಮ್ಮಡಿ ಕೂಡಿಕೊಂಡಿತ್ತು, ಅಂಚಿನಲ್ಲಿ ಒಂದು ತೆಳು ಗೆರೆ ಮಾತ್ರ ಉಳಿದಿತ್ತು. ಬದನೆಕಾಯಿ ಬಿಟ್ಟದ್ದಕ್ಕೆ ಎಂದು ಅವಳು. ಜಿಡ್ಡು ಹಚ್ಚಿದ್ದಕ್ಕೆ ಎಂದು ನಾನು. ಜಗಲಿಯಲ್ಲಿ ಕೂತಿದ್ದ ಅಪ್ಪ, ಚಳಿ ಶಿವಶಿವಾ ಎಂದು ಓಡಿಹೋಯಿತಲ್ಲ, ಅದಕ್ಕೇನೂ ಇಲ್ಲವೇ ಎಂದು ಕೇಳಿದರು.